ಕಿಣ್ವ ಮತ್ತು ಸ್ಯಾಕರೋಮೈಸೀಸ್: ಶಬ್ದಾರ್ಥವಿಚಾರ

ರೊಟ್ಟಿಯ ಹಿಟ್ಟನ್ನು ಉಬ್ಬಿಸುವ, ದ್ರಾಕ್ಷಾರಸವನ್ನು ಮದ್ಯವಾಗಿಸುವ ಯೀಸ್ಟಿಗೆ ಶಾಸ್ತ್ರಜ್ಞರು ಇಟ್ಟಿರುವ ಕುಲನಾಮವು ಸ್ಯಾಕರೋಮೈಸೀಸ್ ಎಂಬುದು. ಇದನ್ನು ಕನ್ನಡಿಸುವಾಗ ಸಂಸ್ಕೃತಜ್ಞರಿಗೆ ಮೊದಲು ತೋರುವ ಶಬ್ದವು ಕಿಣ್ವ. ಆ ಶಬ್ದವು ಇಲ್ಲಿ ಸಲ್ಲುವುದೋ ಎಂಬುದು ವಿಚಾರಾರ್ಹವಾಗಿದೆ.

1837ರಲ್ಲಿ ಶ್ವಾನನೆಂಬ ಜರ್ಮನ್ ವಿದ್ವಾಂಸನು ಈ ಜೀವಿಯನ್ನು ತನ್ನ ಭಾಷೆಯಲ್ಲಿ ‘ಸಕ್ಕರೆಯ ಅಣಬೆ’ ಎಂದು ಕರೆದನು. ಮರುವರ್ಷ ಮೇಯೆನನು ಅದನ್ನೇ ಗ್ರೀಕ್ ಧಾತುಗಳಿಂದ ಸ್ಯಾಕರೋಮೈಸೀಸ್ ಎಂದು ರೂಪಿಸಿದನು. ಪೂರ್ವಪದವು ನಮಗೆ ಪರಕೀಯವಲ್ಲ: ಸಂಸ್ಕೃತದ ಶರ್ಕರಾ ಶಬ್ದವೇ ಪ್ರಾಕೃತದ ಮೂಲಕ ಅತ್ತ ಗ್ರೀಕಿಗೂ ಇತ್ತ ಕನ್ನಡದ ಸಕ್ಕರೆಗೂ ಸಂದಿದೆ. ಉತ್ತರಪದಕ್ಕೆ ಅಣಬೆಯೆಂದು ಅರ್ಥ. ಅದರ ಪ್ರಾತಿಪದಿಕವು ತಕಾರಾಂತವಾದುದು. ಸಂಸ್ಕೃತದ ಮರುತ್ ಶಬ್ದದ ಪ್ರಥಮಾ ಏಕವಚನದಲ್ಲಿ ವಿಭಕ್ತಿಯ ಸಕಾರವು ಲೋಪಿಸಿ ತಕಾರವು ನಿಲ್ಲುವುದು. ಗ್ರೀಕಿನಲ್ಲಿ ತಕಾರವು ಲೋಪಿಸಿ ಸಕಾರವು ನಿಲ್ಲುವುದು. ಆದುದರಿಂದ ಕೊನೆಯ ಸಕಾರವನ್ನು ಇಂಗ್ಲಿಷಿನ ಬಹುವಚನವೆಂದು ಭ್ರಮಿಸಿ ‘ಸ್ಯಾಕರೋಮೈಸಿ’ ಎಂದು ಮೊಟಕುಮಾಡುವುದು ಅಪಪ್ರಯೋಗ.

ಇನ್ನು ಕಿಣ್ವ. ಅಮರಕೋಶದ ಶೂದ್ರವರ್ಗದಲ್ಲಿ ಇದು ನಗ್ನಹು ಶಬ್ದದೊಡನೆ ಪಠಿತವಾಗಿದೆ. ಕೌಟಿಲ್ಯನು ಸುರಾಧ್ಯಕ್ಷಪ್ರಕರಣದಲ್ಲಿ ಇದರ ಪಾಕವನ್ನೇ ಹೇಳಿರುವನು: ಹಸಿಯದಾಗಲಿ ಬೇಯಿಸಿದ್ದಾಗಲಿ ಒಂದು ದ್ರೋಣ ಉದ್ದಿನ ಹಿಟ್ಟು, ಅದಕ್ಕಿಂತ ಮೂರನೆಯ ಒಂದು ಪಾಲು ಹೆಚ್ಚು ಅಕ್ಕಿ, ಮೋರಟವೇ ಮೊದಲಾದ ಮೂಲಿಕೆಗಳು ಕರ್ಷಪ್ರಮಾಣ. (ಉದ್ದು, ಅಕ್ಕಿಗಳ ಈ ಜೋಡಿಯನ್ನು ನಮ್ಮ ಅಡುಗೆಮನೆ ಇಂದಿಗೂ ಬಿಟ್ಟಿಲ್ಲ.) ಮದಶಕ್ತಿಯು ಕಿಣ್ವಾದಿಗಳಿಂದ ಹುಟ್ಟುವಂತೆ ಚೈತನ್ಯವು ಭೂತಗಳಿಂದ ಹುಟ್ಟುವುದೆಂದು ಚಾರ್ವಾಕರು ದೃಷ್ಟಾಂತವಾಗಿ ಹಿಡಿದುದೂ ಈ ದ್ರವ್ಯವನ್ನೇ. ಹೀಗೆ ಪ್ರಾಚೀನರ ಕಿಣ್ವವು ಹುದುಗೆಬ್ಬಿಸುವ ಒಂದು ಮಿಶ್ರದ್ರವ್ಯವೇ ಹೊರತು ಜೀವಿಯ ಹೆಸರಲ್ಲ. ಅದರೊಳಗೆ ಜೀವಿಗಳು ಇದ್ದುವೆಂಬುದು ಬೇರೆಯ ಮಾತು.

ಈಗಿನ ಕನ್ನಡ ಪಠ್ಯಗಳಲ್ಲಾದರೋ ಕಿಣ್ವವು ಎಂಜೈಮಿಗೆ ರೂಢವಾಗಿದೆ. ಈ ರೂಢಿಯನ್ನು ಜರೆಯುವ ಪಂಡಿತರು ಒಂದು ಸಂಗತಿಯನ್ನು ಗಮನಿಸಬೇಕು. 1876ರಲ್ಲಿ ಕ್ಯೂನೆಯು ಎಂಜೈಮ್ ಶಬ್ದವನ್ನು ಕಟ್ಟಿದುದು ‘ಹುಳಿಹಿಟ್ಟಿನೊಳಗಿನದು’ ಎಂಬ ಗ್ರೀಕ್ ಅರ್ಥದಿಂದಲೇ. 1897ರಲ್ಲಿ ಬುಖ್ನರನು ಯೀಸ್ಟನ್ನು ಅರೆದು ಹಿಂಡಿ, ಜೀವಕೋಶಗಳಿಲ್ಲದ ಆ ರಸವೂ ಸಕ್ಕರೆಯನ್ನು ಮದ್ಯಸಾರವಾಗಿಸುವುದೆಂದು ತೋರಿಸಿದನು. ಜೀವಿ ಬೇರೆ, ಅದರೊಳಗಿನ ಕಾರಕ ಬೇರೆ ಎಂಬುದು ಅಲ್ಲಿಗೆ ಸ್ಪಷ್ಟವಾಯಿತು. ಈ ಎರಡಕ್ಕೂ ಕಿಣ್ವವೆಂದೇ ಹೇಳಿದರೆ ‘ಕಿಣ್ವದಲ್ಲಿ ಅನೇಕ ಕಿಣ್ವಗಳಿವೆ’ ಎಂಬ ವಾಕ್ಯವನ್ನು ಬರೆಯಬೇಕಾದೀತು. ವಿದ್ಯಾರ್ಥಿಯು ಅದರಿಂದ ಏನನ್ನು ಗ್ರಹಿಸಿಯಾನು?

ಹುದುಗು ಎಂಬ ದೇಶ್ಯಪದವನ್ನು ಯೀಸ್ಟಿಗೆ ಕೊಡೋಣವೆಂದರೆ ಅದೂ ಸಲ್ಲದು. ಇಡ್ಲಿಯ ಹಿಟ್ಟು ಹುದುಗು ಬರುವುದು ಮುಖ್ಯವಾಗಿ ಲ್ಯೂಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾದಿಂದ, ಯೀಸ್ಟಿನಿಂದಲ್ಲ. ಹುದುಗು ಕ್ರಿಯೆಗೆ, ಕಿಣ್ವ ಕಾರಕಕ್ಕೆ, ಜೀವಿಗೆ ಬಳಕೆಯಲ್ಲಿರುವ ಯೀಸ್ಟ್ ಎಂಬುದೇ ಇರುವುದು ಯುಕ್ತ.

ಯೀಸ್ಟ್ ಎಂಬುದಾದರೂ ಕುಲವಾಚಕವಲ್ಲ, ರೂಪವಾಚಕ: ಒಂದೇ ಕೋಶವಾಗಿದ್ದು ಹೆಚ್ಚಾಗಿ ಮೊಗ್ಗೊಡೆದು ವೃದ್ಧಿಯಾಗುವ ಶಿಲೀಂಧ್ರಸ್ಥಿತಿ. ಕ್ರಿಪ್ಟೋಕಾಕಸ್ಸು ಇದೇ ರೂಪದ್ದಾದರೂ ವಂಶದಲ್ಲಿ ಸ್ಯಾಕರೋಮೈಸೀಸಿಗಿಂತ ನಾಯಿಕೊಡೆಗೆ ಸಮೀಪವಾದುದು. 1923ರಲ್ಲಿ ಬರ್ಖೌಟ್ ಎಂಬ ವಿದುಷಿಯು ಹೆಸರಿಟ್ಟ ಕ್ಯಾಂಡಿಡಾ ಕುಲದಲ್ಲಿ, ಬಾಯಿಹುಣ್ಣಿಗೆ ಕಾರಣವಾಗುವ ಆಲ್ಬಿಕನ್ಸ್ ಎಂಬುದು ಒಮ್ಮೆ ಮೊಗ್ಗೊಡೆದು ಯೀಸ್ಟಿನಂತೆಯೂ ಒಮ್ಮೆ ನೂಲಿನಂತೆ ನೀಳವಾಗಿಯೂ ಬೆಳೆಯುವುದು. ಇಂಥವನ್ನು ‘ಯೀಸ್ಟ್ ಜಾತಿಯ ಶಿಲೀಂಧ್ರ’ಗಳೆಂದು ಬರೆಯುವ ವಾಡಿಕೆಯನ್ನು ಬಿಟ್ಟು, ‘ಯೀಸ್ಟ್‌ರೂಪದ ಶಿಲೀಂಧ್ರ’ಗಳೆಂದು ಬರೆಯತಕ್ಕದ್ದು.