ಪರದೆ ಎಳೆಯುವವನು

ನಾಟಕದ ಕಂಪನಿಯೊಂದು ಆಲಮೇಲದಂಥ ಊರಿನಲ್ಲಿ ಮೊಕ್ಕಾಂ ಹೂಡುವಾಗ ನಟರಿಗಿಂತ ಮೊದಲು ಬರುವವರು ತಗಡು, ಗಳ, ಪರದೆಯ ಸುರುಳಿಗಳನ್ನು ಹೇರಿಕೊಂಡ ಲಾರಿಯ ಆಳುಗಳು. ಅವರು ಕುಣಿ ತೋಡಿ ಥಿಯೇಟರು ಎಬ್ಬಿಸುವುದನ್ನು ನೋಡಲು ಹುಡುಗರು ನೆರೆಯುತ್ತಾರೆ. ಊರಿಗೆ ಅರ್ಜುನನಿಗಿಂತ ಮೊದಲು ಪರಿಚಿತನಾಗುವವನು ಅರ್ಜುನನಿಗೆ ಪರದೆ ಎಳೆಯುವವನೇ.

ಆತನ ಕೆಲಸವೇನು ಸಣ್ಣದೆ? ಹಾರ್ಮೋನಿಯಮ್ಮಿನ ನುಡಿ ನಿಲ್ಲುವುದರೊಳಗೆ ಅರಮನೆಯ ಸೀನು ಹೋಗಿ ಕಾಡಿನ ಸೀನು ಇಳಿಯಬೇಕು. ಹಗ್ಗ ತುಸು ತೊಡಕಿತೋ, ಶಿಳ್ಳೆ ನಟನಿಗೆ, ಬೈಗುಳ ಇವನಿಗೆ. ಹಲವು ಕಂಪನಿಗಳು ಅಕ್ಕಪಕ್ಕದಲ್ಲಿಯೇ ಆಟವಾಡುವ ಬಾದಾಮಿಯ ಬನಶಂಕರಿ ಜಾತ್ರೆಯಲ್ಲಂತೂ ತಡವರಿಸಿದರೆ ಪ್ರೇಕ್ಷಕ ಎದ್ದು ಪಕ್ಕದ ಡೇರೆಗೆ ನಡೆದಾನು.

ಪಾಶ್ಚಾತ್ಯರ ರಾಕ್ ಸಂಗೀತ ಮೇಳಗಳಲ್ಲಿ ಇಂಥವನಿಗೆ ‘ರೋಡಿ’ ಎಂಬ ಹೆಸರಿದೆ. ರೋಲಿಂಗ್ ಸ್ಟೋನ್ಸ್ ಮೇಳವನ್ನು ಕಟ್ಟಿದವರಲ್ಲಿ ಇಯಾನ್ ಸ್ಟೂವರ್ಟ್ ಎಂಬ ಪಿಯಾನೋ ವಾದಕನೊಬ್ಬ. ಇವನ ರೂಪ ಮೇಳಕ್ಕೆ ಒಪ್ಪದೆಂದು 1963ರಲ್ಲಿ ವ್ಯವಸ್ಥಾಪಕನು ಅವನನ್ನು ಸದಸ್ಯತ್ವದಿಂದಲೇ ತೆಗೆದ. ಸ್ಟೂವರ್ಟ್ ಬಿಟ್ಟುಹೋಗಲಿಲ್ಲ, ವ್ಯಾನು ಓಡಿಸಿದ, ವಾದ್ಯ ಹೊತ್ತ, ಕರೆದಾಗ ಪಿಯಾನೋ ನುಡಿಸಿದ. (ಇಂಥ ಸಹನೆ ನನಗಂತೂ ಅಚ್ಚರಿಯೇ.) 1985ರ ಡಿಸೆಂಬರಿನಲ್ಲಿ ಅವನು ತೀರಿಕೊಂಡ. ಮುಂದಿನ ಫೆಬ್ರವರಿಯಲ್ಲಿ ಮೇಳವು ಲಂಡನ್ನಿನ ಚಿಕ್ಕ ಕ್ಲಬ್ಬೊಂದರಲ್ಲಿ ಅವನ ನೆನಪಿಗೆ ನುಡಿಸಿತು. ಆ ವರ್ಷದ ಧ್ವನಿಮುದ್ರಿಕೆಯ ಕೊನೆಗೆ ಅವನ ಪಿಯಾನೋದ ತುಣುಕೊಂದನ್ನು ಸೇರಿಸಿತು. ಅಭಿಮಾನಿಗಳಿಗೆ ಅಳಲು ಒಂದು ಹೆಸರಿತ್ತು, ಒಂದು ನಾದವಿತ್ತು.

ನಮ್ಮ ಕಂಪನಿಗಳ ಕರಪತ್ರದಲ್ಲಿ ದಪ್ಪಕ್ಷರ ನಟನಟಿಯರಿಗೆ. ಪರದೆಯವನನ್ನು ಹಚ್ಚಿಕೊಂಡ ರಸಿಕರಿಗೆ ಅವನ ಮರಣದ ಸುದ್ದಿ ಹೇಳುವವರೇ ಇರುತ್ತಿರಲಿಲ್ಲ. ಮರುವರ್ಷ ಲಾರಿ ಬಂದು ನಿಂತಾಗ, “ಪರದಿ ಎಳಿಯಾಂವ ಎಲ್ಲೆದಾನ್ರೀ?” ಎಂದು ಕೇಳಿದವರಿಗಷ್ಟೇ ಅದು ತಿಳಿಯುತ್ತಿತ್ತು.