ಇಂಗ್ಲಿಷಿನಲ್ಲಿ ಕಾಲಾವಧಿಯ ನಿರ್ದೇಶ



ಉದ್ಯೋಗಕ್ಕಾಗಿ ಅರ್ಜಿಯನ್ನು ಬರೆಯಲು ಕುಳಿತ ತರುಣನೊಬ್ಬನನ್ನು ಊಹಿಸಿಕೊಳ್ಳೋಣ. ಆತನು ಐದು ವರ್ಷಗಳಿಂದ ಒಂದು ಕಚೇರಿಯಲ್ಲಿದ್ದಾನೆ. ಈಗಲೂ ಅಲ್ಲಿಯೇ ಇದ್ದಾನೆ. ಇದನ್ನು ತಿಳಿಸಲೆಂದು ‘ಐ ಆಮ್ ವರ್ಕಿಂಗ್ ಇನ್ ದಿಸ್ ಆಫೀಸ್ ಸಿನ್ಸ್ ಫೈವ್ ಇಯರ್ಸ್’ ಎಂದು ಬರೆಯುತ್ತಾನೆ. ತಪ್ಪೆಂದು ಯಾರೋ ಹೇಳಲು, ‘ಐ ವರ್ಕ್ಡ್ ಇನ್ ದಿಸ್ ಆಫೀಸ್ ಫಾರ್ ಫೈವ್ ಇಯರ್ಸ್’ ಎಂದು ತಿದ್ದುತ್ತಾನೆ. ಮೊದಲನೆಯ ವಾಕ್ಯವು ವ್ಯಾಕರಣಕ್ಕೆ ವಿರುದ್ಧ. ಎರಡನೆಯದು ವ್ಯಾಕರಣಶುದ್ಧವಾದರೂ ಸಂಗತಿಗೆ ವಿರುದ್ಧ. ಅದನ್ನೋದಿದವರು ಆತನು ಆ ಕೆಲಸವನ್ನು ಬಿಟ್ಟಿದ್ದಾನೆಂದೇ ತಿಳಿಯುವರು. ಏಕೆ ಬಿಟ್ಟನೆಂಬ ಸಂದೇಹವೂ ಅವರಲ್ಲಿ ಹುಟ್ಟೀತು.

ಈ ತಪ್ಪಿಗೆ ಕಾರಣ ಅಜಾಗ್ರತೆಯಲ್ಲ. ನಮ್ಮ ಮಾತೃಭಾಷೆಯ ರೂಢಿ. ‘ಸೋಮವಾರದಿಂದ ಜ್ವರ’ ಎನ್ನುತ್ತೇವೆ. ‘ಮೂರು ದಿನದಿಂದ ಜ್ವರ’ ಎಂದೂ ಎನ್ನುತ್ತೇವೆ. ಎರಡು ಕಡೆಯೂ ‘ಇಂದ’ ಎಂಬ ಒಂದೇ ಪ್ರತ್ಯಯ. ಆದರೆ ಸೋಮವಾರವು ಜ್ವರವು ತೊಡಗಿದ ದಿನ. ಮೂರು ದಿನವೆಂಬುದು ಅದು ನಡೆದುಬಂದ ಉದ್ದ. ಇಂಗ್ಲಿಷಾದರೋ ತೊಡಗಿದ ಗಡಿಗೆ ‘ಸಿನ್ಸ್’ ಎಂಬುದನ್ನೂ, ನಡೆದ ಉದ್ದಕ್ಕೆ ‘ಫಾರ್’ ಎಂಬುದನ್ನೂ ಬೇರೆಬೇರೆಯಾಗಿ ಇರಿಸಿಕೊಂಡಿದೆ. ‘ಸಿನ್ಸ್ ಮಂಡೆ’, ‘ಫಾರ್ ತ್ರೀ ಡೇಸ್’. ಗಡಿಯೋ ಉದ್ದವೋ ಎಂಬ ಈ ಒಂದು ಪ್ರಶ್ನೆಯನ್ನು ಕೇಳಿಕೊಂಡರೆ ಅನೇಕ ತೊಡಕುಗಳು ತಾವಾಗಿಯೇ ಬಿಡುತ್ತವೆ.

ಅದೇ ಪ್ರಶ್ನೆ ಇನ್ನೊಂದೆಡೆಯೂ ನೆರವಾಗುತ್ತದೆ. ‘ಶನಿವಾರದೊಳಗೆ ಹಣ ಕೊಡುತ್ತೇನೆ’, ‘ಹತ್ತು ದಿನದೊಳಗೆ ಹಣ ಕೊಡುತ್ತೇನೆ’ ಎಂಬಲ್ಲಿ ನಮಗೆ ‘ಒಳಗೆ’ ಎಂಬುದೊಂದೇ ಸಾಕು. ಇಂಗ್ಲಿಷಿನಲ್ಲಿ ಶನಿವಾರವೆಂಬ ಗಡಿಗೆ ‘ಬೈ’, ಹತ್ತು ದಿನವೆಂಬ ಉದ್ದಕ್ಕೆ ‘ವಿದಿನ್’. ‘ವಿದಿನ್ ಸ್ಯಾಟರ್ಡೆ’ ಎಂಬುದು ಸಲ್ಲದು. ‘ಇನ್ ಟೆನ್ ಡೇಸ್’ ಎಂದು ಬರೆದರೆ ಹತ್ತು ದಿನಗಳು ಕಳೆದ ಮೇಲೆ ಎಂದು ಅರ್ಥಮಾಡಿಕೊಳ್ಳುವವರೇ ಹೆಚ್ಚು. ಗಡುವನ್ನು ವಿಧಿಸಬೇಕಾದೆಡೆ ‘ವಿದಿನ್’ ಎಂಬುದೇ ಕ್ಷೇಮಕರ.

ಇನ್ನು ಕ್ರಿಯಾಪದದ ವಿಚಾರ. ಅವಧಿಯು ಮುಗಿದಿದೆಯೋ, ಇನ್ನೂ ನಡೆಯುತ್ತಿದೆಯೋ ಎಂಬುದನ್ನು ಇಂಗ್ಲಿಷ್ ಕ್ರಿಯಾಪದವು ಸಾರುತ್ತದೆ. ಮುಗಿದುದಕ್ಕೆ ‘ವರ್ಕ್ಡ್’; ಹಿಂದೆ ತೊಡಗಿ ಇಂದಿಗೂ ನಡೆಯುತ್ತಿರುವುದಕ್ಕೆ ‘ಹ್ಯಾವ್ ಬೀನ್ ವರ್ಕಿಂಗ್’. ಆದಕಾರಣ ನಮ್ಮ ತರುಣನು ‘ಐ ಹ್ಯಾವ್ ಬೀನ್ ವರ್ಕಿಂಗ್ ಇನ್ ದಿಸ್ ಆಫೀಸ್ ಫಾರ್ ಫೈವ್ ಇಯರ್ಸ್’ ಎಂದು ಬರೆಯತಕ್ಕದ್ದು.

ಅವಧಿಯ ಮೊದಲ ದಿನವೂ ಕೊನೆಯ ದಿನವೂ ಎಣಿಕೆಗೆ ಸೇರುತ್ತವೆಯೇ ಎಂಬುದು ಮತ್ತೊಂದು ಪ್ರಶ್ನೆ. ಇಂಗ್ಲಿಷರಿಗೂ ಇದು ಸುಲಭವಾಗಿರಲಿಲ್ಲ. ಭಾರತದ 1897ರ ಜನರಲ್ ಕ್ಲಾಸಸ್ ಆಕ್ಟಿನ 9ನೆಯ ಪ್ರಕರಣವು, ಶಾಸನಗಳಲ್ಲಿ ಮೊದಲ ದಿನವನ್ನು ಬಿಡುವುದಕ್ಕೆ ‘ಫ್ರಮ್’ ಎಂಬ ಪದವೂ, ಕೊನೆಯ ದಿನವನ್ನು ಸೇರಿಸುವುದಕ್ಕೆ ‘ಟು’ ಎಂಬ ಪದವೂ ಸಾಕೆಂದು ವಿಧಿಸಿತು. ಶಾಸನಕ್ಕೇ ಇಷ್ಟು ಎಚ್ಚರ ಬೇಕಾಯಿತೆಂದ ಮೇಲೆ, ರಜೆಯ ಅರ್ಜಿಯಲ್ಲಿಯೋ ಬಾಡಿಗೆಯ ಕರಾರಿನಲ್ಲಿಯೋ ನಾವು ‘ಬೋತ್ ಡೇಸ್ ಇನ್‌ಕ್ಲೂಸಿವ್’ ಎಂದು ಸೇರಿಸುವುದು ವ್ಯರ್ಥವಾದ ಮಾತಲ್ಲ.

ಇಂತಹ ಒಂದು ದಿನದ ವ್ಯತ್ಯಾಸ ‘ಫಾರ್ಟ್‌ನೈಟ್’ ಎಂಬ ಪದದಲ್ಲಿಯೂ ಅಡಗಿದೆ. ಅದರ ಮೂಲಾರ್ಥ ಹದಿನಾಲ್ಕು ರಾತ್ರಿಗಳು. ಪ್ರಾಚೀನ ಜರ್ಮನ್ ಜನರು ಕಾಲವನ್ನು ಹಗಲುಗಳಿಂದಲ್ಲದೆ ರಾತ್ರಿಗಳಿಂದ ಎಣಿಸುತ್ತಿದ್ದರೆಂದು ರೋಮನ್ ಇತಿಹಾಸಕಾರನಾದ ಟ್ಯಾಸಿಟಸನು ಬರೆದಿದ್ದಾನೆ. ಆ ಬಳಗಕ್ಕೆ ಸೇರಿದ ಇಂಗ್ಲಿಷಿನಲ್ಲಿ ಈ ಪದವು ಆ ಎಣಿಕೆಯ ಕುರುಹಾಗಿ ಉಳಿದಿದೆ. ನಾವಾದರೋ ಎರಡು ತುದಿಗಳನ್ನೂ ಎಣಿಸಿ, ಒಂದು ವಾರವನ್ನು ‘ಎಂಟು ದಿನ’ವೆಂದೂ ಎರಡು ವಾರಗಳನ್ನು ‘ಹದಿನೈದು ದಿನ’ವೆಂದೂ ಹೇಳುವುದುಂಟು. ಮನೆಮಾತಿನಲ್ಲಿ ಇದರಿಂದ ಬಾಧಕವಿಲ್ಲ. ಆದರೆ ಹದಿನೈದು ದಿನಗಳ ನೋಟೀಸನ್ನು ‘ಫಾರ್ಟ್‌ನೈಟ್’ ಎಂದು ಭಾಷಾಂತರಿಸಿದಲ್ಲಿ ಒಂದು ದಿನ ಕಳೆದುಹೋಗುತ್ತದೆ. ಗಡುವಿನ ಕೊನೆಯಲ್ಲಿ ಆ ಒಂದು ದಿನವೇ ಬೇಕಾಗುವುದು.

ಕನ್ನಡದ ಎಣಿಕೆ ತಪ್ಪೆಂದು ನಮ್ಮ ಅಭಿಪ್ರಾಯವಲ್ಲ. ನಮ್ಮ ಮಾತಿನಲ್ಲಿ ಸಂದರ್ಭವು ತಿಳಿಸಿಕೊಡುವುದನ್ನು ಇಂಗ್ಲಿಷು ಪದದಿಂದಲೇ ತಿಳಿಸಬಯಸುತ್ತದೆ. ಆ ಭಾಷೆಯಲ್ಲಿ ಬರೆಯುವಾಗ ಗಡಿಯೋ ಉದ್ದವೋ, ಮುಗಿದಿದೆಯೋ ನಡೆಯುತ್ತಿದೆಯೋ, ತುದಿಯ ದಿನಗಳು ಸೇರಿವೆಯೋ ಇಲ್ಲವೋ ಎಂಬ ಮೂರನ್ನು ಮೊದಲು ಮನಸ್ಸಿನಲ್ಲಿ ನಿಶ್ಚಯಿಸಿಕೊಂಡರೆ, ತಕ್ಕ ಪದವನ್ನು ಆರಿಸುವುದು ಕಷ್ಟವಾಗಲಾರದು.