ಲೆಕ್ಕಿಗರ ಕೈಬರಹ

ಅಕ್ಷರಗಳಿಗೆ ಎರಡು ಬಗೆಯ ಅರ್ಥವುಂಟು. ಓದಿದಾಗ ತಿಳಿಯುವುದು ಒಂದು. ಓದುವ ಮೊದಲೇ, ಆಕಾರವನ್ನು ಕಂಡಷ್ಟಕ್ಕೇ ಹೊಳೆಯುವುದು ಇನ್ನೊಂದು. ಮೊದಲನೆಯದು ವಾಚ್ಯವಾದರೆ ಎರಡನೆಯದನ್ನು, ನಮ್ಮ ಆಲಂಕಾರಿಕರ ಮಾತಿನಲ್ಲಿ, ಧ್ವನಿ ಎನ್ನಬಹುದು. ವ್ಯಾಪಾರದ ಲಾಂಛನಗಳನ್ನು ಕೈಯಿಂದಲೇ ಬರೆದು ರೂಪಿಸುವ ಕಲೆ ನಿಂತಿರುವುದು ಈ ಧ್ವನಿಯ ಮೇಲೆ. ಎಲ್ಲರೂ ಕಂಡಿರುವ ಒಂದು ನಿದರ್ಶನವನ್ನೇ ನೋಡೋಣ: ಕೋಕಾ-ಕೋಲಾ ಎಂಬ ಪಾನೀಯದ ಹೆಸರು.

1886ರಲ್ಲಿ ಅಮೆರಿಕದ ಅಟ್ಲಾಂಟಾ ನಗರದಲ್ಲಿ ಜಾನ್ ಪೆಂಬರ್ಟನ್ ಎಂಬ ಔಷಧ ತಯಾರಕರು ಈ ಪಾನೀಯವನ್ನು ಸಿದ್ಧಪಡಿಸಿದರು. ಅದಕ್ಕೆ ಹೆಸರಿಟ್ಟವರು ಅವರ ಪಾಲುದಾರರೂ ಲೆಕ್ಕಿಗರೂ ಆಗಿದ್ದ ಫ್ರಾಂಕ್ ರಾಬಿನ್ಸನ್. ಕೋಕಾ ಎಲೆ, ಕೋಲಾ ಬೀಜ ಇವೆರಡರ ಹೆಸರುಗಳು ಕೂಡಿ ಆದ ಪದವಿದು. ಇಂಗ್ಲಿಷಿನಲ್ಲಿ ಕೋಲಾ ಬೀಜದ ಹೆಸರು ‘ಕೆ’ ಅಕ್ಷರದಿಂದ ಮೊದಲಾಗುತ್ತದೆ. ರಾಬಿನ್ಸನ್ನರು ಅದನ್ನು ‘ಸಿ’ ಮಾಡಿದರು. ಎರಡು ದೊಡ್ಡ ‘ಸಿ’ಗಳು ಜಾಹೀರಾತಿನಲ್ಲಿ ಅಂದವಾಗಿ ಕಂಡಾವೆಂಬುದು ಅವರ ಎಣಿಕೆ. ಕಾಗುಣಿತವೇ ಕಣ್ಣಿಗೆ ಮಣಿಯಿತು!

ಆ ಹೆಸರನ್ನು ಅವರು ಬರೆದ ಶೈಲಿ ಅವರ ಸ್ವಂತ ಸೃಷ್ಟಿಯಲ್ಲ. ಪ್ಲ್ಯಾಟ್ ರಾಜರ್ಸ್ ಸ್ಪೆನ್ಸರ್ ರೂಪಿಸಿದ, ಅಂದಿನ ಅಮೆರಿಕದ ಶಾಲೆಗಳೂ ವರ್ತಕರ ಕಚೇರಿಗಳೂ ರೂಢಿಸಿಕೊಂಡಿದ್ದ ಓರೆಬರಹ ಅದು. ಉಕ್ಕಿನ ಮೊನೆಯ ಲೇಖನಿ ಹಗುರವಾಗಿ ಮೇಲೇರುವಾಗ ಕೂದಲೆಳೆಯಂಥ ಗೆರೆ ಮೂಡುತ್ತದೆ. ಒತ್ತಿ ಕೆಳಗೆಳೆದರೆ ಮೊನೆಯ ಸೀಳು ಅಗಲಿ ಗೆರೆ ದಪ್ಪವಾಗುತ್ತದೆ. ಅಕ್ಷರಗಳಿಗೆ ಹರಿವು ಬರುವುದು ಈ ಏರಿಳಿತದಿಂದಲೇ. ಪಾನೀಯದ ಹೆಸರಿಗೆ ಇದಕ್ಕಿಂತ ಉಚಿತವಾದ ಗುಣ ಯಾವುದು?

ಔಚಿತ್ಯವನ್ನು ಮೀರಿದರೆ ಏನಾಗುತ್ತದೆಂಬುದಕ್ಕೂ ಇಲ್ಲಿಯೇ ಸಾಕ್ಷಿಯಿದೆ. 1890ರ ಸುಮಾರಿಗೆ ಈ ಅಕ್ಷರಗಳಿಗೆ ಸುರುಳಿಗಳ ಅಲಂಕಾರವನ್ನು ವಿಪರೀತವಾಗಿ ತೊಡಿಸಲಾಯಿತು. ಅದು ಬಾಳಿದ್ದು ಒಂದು ವರ್ಷದ ಮಾತು. 1893ರಲ್ಲಿ ವ್ಯಾಪಾರಮುದ್ರೆಯಾಗಿ ನೋಂದಣಿಯಾದಾಗ ಆ ಸುರುಳಿಗಳು ಇರಲಿಲ್ಲ.

ಮುಂದೆ ಬೆರಳಚ್ಚು ಯಂತ್ರ ಬಂದಿತು, ಸರಳತರವಾದ ಬರಹಗಳು ಬಂದವು. ಸ್ಪೆನ್ಸರನ ಶೈಲಿ ಕಚೇರಿಗಳಿಂದ ಮರೆಯಾಯಿತು. ಒಂದು ಕಾಲಕ್ಕೆ ಎಷ್ಟೋ ಗುಮಾಸ್ತರ ಸಾಮಾನ್ಯ ಸ್ವತ್ತಾಗಿದ್ದ ಬರಹ ಈಗ ಒಂದು ಕಂಪನಿಯ ಮುಖದಂತೆ ತೋರುತ್ತದೆ. ಅದನ್ನು ಕಂಡವರು ಪಾನೀಯವನ್ನು ನೆನೆಯುತ್ತಾರೆಯೇ ಹೊರತು ಸ್ಪೆನ್ಸರನನ್ನಲ್ಲ. ಲಾಂಛನದ ಗೆಲುವು ಇದು; ಕೈಬರಹದ ಮಟ್ಟಿಗೆ ನಷ್ಟವೂ ಹೌದು. ಒಂದು ವಿಚಾರವನ್ನಂತೂ ನಾವು ಗಮನಿಸಬೇಕು. ಆ ಅಕ್ಷರಗಳನ್ನು ಬರೆದವರು ಚಿತ್ರಕಾರರಲ್ಲ, ಲೆಕ್ಕಿಗರು. ಅಂದವಾಗಿ ಬರೆಯುವುದನ್ನು ಶಾಲೆಗಳು ಎಲ್ಲರಿಗೂ ಕಲಿಸುತ್ತಿದ್ದುದರಿಂದಲೇ ಅದು ಸಾಧ್ಯವಾಯಿತು.